ಬಾಣಂತಿಗೆ ನೀರು

ಬಾಣಂತಿಗೆ ನೀರು ಕೊಡಬಾರದು ಎಂದು ಮೊದಲು ಹೇಳಿದವರು ಯಾರೋ, ಕೈಗೆ ಸಿಕ್ಕಿದರೆ ಈಗಲೂ ಚೆನ್ನಾಗಿ ಬೈದೇನು. ಅದು ಐವತ್ತರ ದಶಕ. ಚೊಚ್ಚಲ ಹೆರಿಗೆಗೆಂದು ಸಂಪಾಜೆಯ ಗಂಡನ ಮನೆಯಿಂದ ಕಬಕದ ತವರಿಗೆ ಬಂದಿದ್ದೆ. ಹೆರಿಗೆ ಸಲೀಸಾಗಿ ಆಯಿತು. ಆಮೇಲೆ ಶುರುವಾದದ್ದು ಅಮ್ಮನ ದರ್ಬಾರು. ಒಣ ಅನ್ನ, ಕಾಳುಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ನೀರು ಕೇಳಿದರೆ ಜೀರಿಗೆ ಹಾಕಿ ಕುದಿಸಿದ್ದು, ಅದೂ ಲೋಟದ ತಳದಲ್ಲಿ. ಹೆಚ್ಚು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮೈಯಲ್ಲಿ ನೀರು ನಿಲ್ಲುತ್ತದೆ ಎಂಬುದು ಅವಳ ಶಾಸ್ತ್ರ.

ಅಮ್ಮ ದಡ್ಡಿಯಲ್ಲ. ನಾನು ತಿಂದದ್ದು ಹಾಲಿನಲ್ಲಿ ಮಗುವಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಹಲಸಿನ ಹಣ್ಣನ್ನು ನನ್ನ ಕೋಣೆಯ ಹತ್ತಿರವೂ ತರಲು ಬಿಡುತ್ತಿರಲಿಲ್ಲ.

ಒಂದು ದಿನ ಎದೆಯಲ್ಲಿ ಹಾಲು ಕಟ್ಟಿ, ಕೆಂಪಗೆ ಬಾತು, ವಿಪರೀತ ಜ್ವರ ಬಂತು. ಅಪ್ಪ ಪುತ್ತೂರಿನಿಂದ ಡಾಕ್ಟರರನ್ನು ಕರೆತಂದರು. ಅವರು ಸೋಂಕು ಇಳಿಸುವ ಸಲ್ಫಾ ಮಾತ್ರೆ ಕೊಟ್ಟು, ಪ್ರತಿ ಮಾತ್ರೆಗೂ ದೊಡ್ಡ ಲೋಟ ನೀರು ಕುಡಿಸಿ, ನಡುನಡುವೆಯೂ ಕುಡಿಸುತ್ತಾ ಇರಿ ಎಂದರು. ಅಮ್ಮ ಭಕ್ತಿಯಿಂದ ತಲೆಯಾಡಿಸಿದಳು. ಅವರು ಅಂಗಳ ದಾಟಿದ್ದೇ ತಡ, ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ, ಜೇನಿನಲ್ಲಿ ಕಲಸಿ ನನ್ನ ನಾಲಗೆಗೆ ಬಳಿದಳು. ನಮ್ಮಲ್ಲಿ ಮದ್ದು ಕೊಡುವುದೇ ಹಾಗೆ. ನೀರು ಕೊಡು ಎಂದು ಗೋಗರೆದೆ. ಡಾಕ್ಟ್ರು ಗಂಡಸು, ಬಾಣಂತನ ಅವರಿಗೆ ಎಂತ ಗೊತ್ತುಂಟು ಎಂದು ನನ್ನ ಬಾಯಿ ಮುಚ್ಚಿಸಿದಳು.

ಜ್ವರ ಇಳಿಯಿತು. ಅಮ್ಮ ಬೀಗಿದಳು. ಆದರೆ ನನಗೆ ಸೊಂಟದ ಮೇಲೆ ಎರಡೂ ಕಡೆ ಹಿಂಡುವಂಥ ನೋವು. ಮೂತ್ರ ಕಡಿಮೆಯಾಗುತ್ತ ಬಂದು, ಕೆಂಪಾಗಿ, ಕೊನೆಗೆ ನಿಂತೇಹೋಯಿತು. ಅಮ್ಮನಿಗೆ ಹೇಳಿದಾಗ ಅವಳ ಮುಖ ಬಿಳಿಚಿಕೊಂಡಿತು. ಅಪ್ಪ ಮತ್ತೆ ಪುತ್ತೂರಿಗೆ ಓಡಿದರು.

ನೀರು ಎಷ್ಟು ಕುಡಿಸಿದಿರಿ ಎಂದು ಡಾಕ್ಟರರು ಕೇಳಿದರು. ಅಮ್ಮ ಸುಳ್ಳು ಹೇಳುವವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ರೇಗಲಿಲ್ಲ. ಮದ್ದು ಹೊಟ್ಟೆಯಿಂದ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ, ಎದೆಗೂ ಹೋಗುತ್ತದೆ, ಸ್ವಲ್ಪ ಹಾಲಿಗೂ ಇಳಿಯುತ್ತದೆ ಎಂದರು. ಲಿವರು ಅದನ್ನು ಒಂದಿಷ್ಟು ಬದಲಾಯಿಸುತ್ತದೆ, ಕೊನೆಗೆ ಅದೆಲ್ಲ ಮೂತ್ರದಲ್ಲಿ ಹೊರಗೆ ಹೋಗಬೇಕು, ನೀರಿಲ್ಲದಿದ್ದರೆ ಒಳಗೇ ಹರಳುಗಟ್ಟಿ ಮೂತ್ರದ ದಾರಿ ಮುಚ್ಚುತ್ತದೆ ಎಂದು ವಿವರಿಸಿದರು.

"ಒಳಗೆ ಹೋದ ಮದ್ದು ಹೊರಗೆ ಬರಬೇಕಾ ಡಾಕ್ಟ್ರೆ?" ಎಂದಳು ಅಮ್ಮ.

ಪಾಪ, ಅವಳೇನು, ನಾನೂ ಹಾಗೆ ಯೋಚಿಸಿದವಳಲ್ಲ. ಮದ್ದು ತಿಂದರೆ ಅದು ರೋಗದ ಜೊತೆ ಹೊಡೆದಾಡಿ ಅಲ್ಲೇ ಮುಗಿದುಹೋಗುತ್ತದೆ ಎಂದುಕೊಂಡಿದ್ದೆವು. ಗುಣ ಮಾಡಿದ ವಸ್ತುವೇ ಹೊರಗೆ ಹೋಗದಿದ್ದರೆ ಕೊಲ್ಲಬಹುದು ಎಂಬುದು ಇಂದಿಗೂ ನನಗೆ ವಿಚಿತ್ರವಾಗಿಯೇ ಕಾಣುತ್ತದೆ.

ಮಾತ್ರೆ ನಿಲ್ಲಿಸಿ, ಹರಳು ಕರಗುವಂತೆ ಸೋಡಾಪುಡಿ ಹಾಕಿದ ನೀರು ಕುಡಿಸುತ್ತಿರಬೇಕು, ಸಂಜೆಯೊಳಗೆ ಮೂತ್ರ ಬಾರದಿದ್ದರೆ ಮಂಗಳೂರಿಗೆ ಒಯ್ಯಬೇಕು, ಮುಂದಿನದ್ದು ತನ್ನ ಕೈಯಲ್ಲಿಲ್ಲ ಎಂದರು ಡಾಕ್ಟರರು. ಅಮ್ಮ ಚೆಂಬು ಹಿಡಿದು ಪಕ್ಕದಲ್ಲಿ ಕೂತಳು. ಸಾಕು ಎಂದರೂ ಬಿಡಲಿಲ್ಲ. ನಾನು ಕುಡಿದೆ. ಹೆದರಿಕೆಯಲ್ಲೂ ಆ ನೀರು ಎಷ್ಟು ರುಚಿಯಾಗಿತ್ತೆಂದು ಹೇಳಲಾರೆ. ಮಗು ತೊಟ್ಟಿಲಲ್ಲಿ ಅಳುತ್ತಿತ್ತು. ಅದನ್ನು ಬಿಟ್ಟು ಹೋಗುತ್ತೇನೋ ಎಂದು ಅತ್ತಲೇ ನೋಡುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಬಚ್ಚಲಿಗೆ ಹೋಗಬೇಕೆನಿಸಿತು. ಗೋಡೆ ಹಿಡಿದುಕೊಂಡು ಹೋದೆ. ಅಮ್ಮ ಬಾಗಿಲಿಗೆ ಕಿವಿ ಕೊಟ್ಟು ಹೊರಗೆ ನಿಂತಿದ್ದಳು. ಮೊದಲು ಉರಿ, ಆಮೇಲೆ ಸ್ವಲ್ಪ, ಆಮೇಲೆ ಧಾರಾಳವಾಗಿ ಬಂತು. ಹೊರಗೆ ಅಮ್ಮ ಗೊಳೋ ಎಂದು ಅತ್ತದ್ದು ಕೇಳಿಸಿತು.

ಬಾಗಿಲು ತೆಗೆದಾಗ ಅವಳು ನೆಲದಲ್ಲಿ ಕೂತಿದ್ದಳು.

"ನೀನು ಹುಟ್ಟಿದಾಗ ನನಗೂ ಬಾಯಾರಿ ಜೀವ ಹೋಗುವಷ್ಟಾಗಿತ್ತು ಮಗಾ. ಕೇಳಿದರೆ ಯಾರೂ ಕೊಡ್ತಿರಲಿಲ್ಲ," ಎಂದಳು.

ಆಮೇಲೆ ಚೆಂಬಿನಲ್ಲಿ ಉಳಿದಿದ್ದ ನೀರನ್ನು ಎತ್ತಿ ತಾನೇ ಗಟಗಟ ಕುಡಿದಳು.