ಹದ್ದಿನ ಗೂಡಿನ ಕೆಳಗೆ ದಾರದಕ್ಕ

ನದಿಯ ಮೇಲಿನ ಮಂಜು ಇನ್ನೂ ಪೂರ್ತಿ ಕರಗಿಲ್ಲ. ಐವತ್ತು ದಾಟಿದ ಹೆಂಗಸೊಬ್ಬರು ದೋಣಿಯಲ್ಲಿ ನಿಂತು, ನೀರಿನತ್ತ ಬಾಗಿದ ಕೊಂಬೆಗೆ ದೋಟಿ ಚಾಚುತ್ತಾರೆ. ದೋಟಿಯ ತುದಿ ಮೆಲ್ಲಗೆ ತಿರುಗುತ್ತದೆ. ಕೂದಲೆಳೆಯಂಥ ನೈಲಾನ್ ದಾರವೊಂದು ಹನಿಗಳ ಸಮೇತ ಕೆಳಗಿಳಿಯುತ್ತದೆ.

ಮೀನುಹದ್ದುಗಳಿಗಾಗಿ ಕಾಯ್ದಿಟ್ಟ ಈ ಹೊಳೆದಂಡೆಯ ಕಾಡಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ದಾರದಕ್ಕ ಎಂದೇ. ಗಾಳ ಹಾಕುವವರು ಕಡಿದು ಬಿಟ್ಟ ದಾರ ತೇಲಿ ಬಂದು ದಡದ ಮರಗಳಿಗೆ ಸುತ್ತಿಕೊಳ್ಳುತ್ತದೆ. ಹದ್ದು ಗೂಡಿಗೆಂದು ಒಣಕಡ್ಡಿ ಮುರಿದಾಗ ದಾರವೂ ಜೊತೆಗೆ ಹೋಗುತ್ತದೆ. ನೈಲಾನ್ ಸುಲಭಕ್ಕೆ ಕೊಳೆಯುವುದಿಲ್ಲ. ಮರಿ ಬೆಳೆದಂತೆ ಕಾಲಿಗೆ ಬಿಗಿಯುತ್ತದೆ. ಅದಕ್ಕೆ ಮೊದಲೇ ದಾರ ಬಿಡಿಸುವುದು ಇವರ ಕೆಲಸ. ಬೆಳಗಿನ ಓರೆಬಿಸಿಲಿನಲ್ಲಿ ದಾರ ಹೊಳೆಯುತ್ತದೆ, ನೆತ್ತಿಯ ಬಿಸಿಲಿನಲ್ಲಿ ಮಾಯವಾಗುತ್ತದೆ.

ಅವರ ಅಂಗೈ ತುಂಬ ಕೊಕ್ಕೆ ಚುಚ್ಚಿದ ಕಲೆಗಳು. ಗಂಡ ಗಾಳ ಹಾಕಿಯೇ ಮನೆ ನಡೆಸಿದವರು. "ಅವರು ಸಿಕ್ಕು ಮಾಡಿದ್ದನ್ನ ನಾನು ಬಿಡಿಸ್ತಾ ಇದೀನಿ. ಸಂಸಾರದಲ್ಲೂ ಮೊದಲಿಂದ ಇದೇ ಆಯ್ತಲ್ಲ," ಎಂದು ದೋಣಿಯಲ್ಲಿ ಜೊತೆಗಿರುವ ನನ್ನತ್ತ ತಿರುಗಿ ನಗುತ್ತಾರೆ.

ಇವತ್ತು ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೊಳೆಯ ತಿರುವಿನ ಎತ್ತರದ ಮರದಲ್ಲಿ ಗೂಡು. ಗೂಡಿನಲ್ಲಿ ಒಂದೇ ಮರಿ, ಇನ್ನೇನು ಹಾರಬೇಕು. ಅದರ ಕಾಲಿನಿಂದ ದಾರ ಜೋತಾಡುತ್ತಿದೆ. ದಾರದ ತುದಿಯಲ್ಲೊಂದು ಕೆಂಪು ಬಟ್ಟೆಯ ಚೂರು. ಬಿಡಿಸಿದ ದಾರವನ್ನು ಸುರುಳಿ ಸುತ್ತಿ, ಕಣ್ಣಿಗೆ ಬೀಳಲೆಂದು ಕೆಂಪು ಚೂರು ಕಟ್ಟಿ, ಮನೆ ಮುಂದಿನ ಬೇಲಿಯ ಮೇಲೆ ಒಣಹಾಕುತ್ತಿದ್ದವರು ದಾರದಕ್ಕನೇ. ಒದ್ದೆ ದಾರ ಚೀಲದಲ್ಲಿ ನಾರುತ್ತದೆಂದು. ಹದ್ದು ಅದನ್ನು ಬೇಲಿಯಿಂದಲೇ ಎತ್ತಿಕೊಂಡು ಹೋಗಿದೆ.

"ಮರದಿಂದ ತೆಗೆದು ನಾನೇ ಅದರ ಗೂಡಿಗೆ ತಲುಪಿಸ್ದಂಗಾಯ್ತು. ನೋಡಿದ ತಕ್ಷಣ ಓಡಿಹೋಗಿ ಸಾಹೇಬ್ರಿಗೆ ಹೇಳ್ದೆ, ಇದು ನನ್ನದೇ ಗಂಟು ಸಾರ್ ಅಂತ."

ಹಾಗೇ ಬಿಟ್ಟರೆ ಮರಿ ಗೂಡಿಗೆ ಸಿಕ್ಕಿಕೊಂಡು ಸಾಯುತ್ತದೆ. ಮರ ಹತ್ತಿದರೆ ಹೆದರಿ, ಹಾರಲು ಬಾರದೆಯೇ ಜಿಗಿದುಬಿಡಬಹುದು. ಹತ್ತುವುದೇ ಸರಿ ಎಂದು ಅರಣ್ಯಾಧಿಕಾರಿ ಹೇಳಿದ್ದಾರೆ. ಹತ್ತುವವನು ಕಾಡಿನ ಕಾವಲುಗಾರ, ದಾರದಕ್ಕನ ಅಳಿಯ.

"ಅತ್ತೆ, ಮರ ಹತ್ತಿಸೋಕೆ ಅಂತಾನೇ ಹೆಣ್ಣು ಕೊಟ್ರಾ?" ಸೊಂಟಕ್ಕೆ ಹಗ್ಗ ಬಿಗಿಯುತ್ತ ಅವನು ಕೇಳುತ್ತಾನೆ.

"ಇಳಿಯೋಕೂ ಬರುತ್ತೆ ಅಂತ ಕೊಟ್ಟೆ ಕಣಪ್ಪ. ಮಗಳು ಕಾಯ್ತಿರ್ತಾಳೆ, ಹುಷಾರು."

ಮರದ ಬುಡದ ನೀರಿನಲ್ಲಿ ದೋಣಿ ನಿಲ್ಲಿಸಿ, ದಾರದಕ್ಕ ಮನೆಯ ಕಂಬಳಿಯನ್ನು ಅಗಲವಾಗಿ ಹಿಡಿದು ಕತ್ತೆತ್ತುತ್ತಾರೆ. ತಾಯಿಹದ್ದು ಕೂಗುತ್ತ ಸುತ್ತುತ್ತದೆ. ಅಳಿಯನ ತಲೆ ಗೂಡಿನ ಮಟ್ಟಕ್ಕೆ ಬಂದಾಗ ಮರಿ ಅಂಚಿಗೆ ಸರಿದು ರೆಕ್ಕೆ ಬಿಚ್ಚುತ್ತದೆ. ಅವನು ಅಲುಗಾಡದೆ ನಿಲ್ಲುತ್ತಾನೆ. "ಅಲ್ಲೇ ಇರು ಕಂದಾ, ಅಲ್ಲೇ ಇರು," ಕೆಳಗೆ ದಾರದಕ್ಕನ ತುಟಿ ಅಲುಗುತ್ತದೆ. ಮರಿ ರೆಕ್ಕೆ ಮಡಚುತ್ತದೆ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ದಾರದ ಸಮೇತ ಕೆಂಪು ಚೂರು ತೇಲುತ್ತ ಬಂದು ಕಂಬಳಿಯ ಮೇಲೆ ಬೀಳುತ್ತದೆ.

"ಕಾಲು ಹೆಂಗಿದೆ?"

"ಗಾಯ ಮೇಲ್ಮೇಲಷ್ಟೇ ಅತ್ತೆ. ಅಯ್ಯಪ್ಪಾ, ಕೈ ಪರಚಿಬಿಡ್ತು!"

"ಯಾವ ಕಾಲಲ್ಲಿ?"

"ದಾರ ಸುತ್ತಿದ್ದ ಕಾಲಲ್ಲೇ."

"ಹಂಗಾದ್ರೆ ಬದುಕ್ಕೊಂಡಿತು ಬಿಡು!"

ದೋಣಿಯಲ್ಲೀಗ ಬಿಗಿ ಮುಚ್ಚಳದ ಡಬ್ಬವೊಂದಿದೆ. ದಾರವನ್ನು ಅದರೊಳಗೆ ತುರುಕಿ, ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿ, ದಾರದಕ್ಕ ಹುಟ್ಟು ಹಿಡಿಯುತ್ತಾರೆ. ಮರಿ ಹಾರುವುದನ್ನು ನೋಡುವ ಆಸೆಯಿಲ್ಲವೇ ಎಂದು ಕೇಳುತ್ತೇನೆ.

"ನಾನು ನೋಡದಿದ್ರೂ ಪರವಾಗಿಲ್ಲ. ಒಂದಿನ ಬಂದಾಗ ಗೂಡು ಖಾಲಿ ಇದ್ರೆ ಸಾಕು."