ಕಪ್ಪೆಲೆಯ ಭತ್ತ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನನ್ನ ಮೊಮ್ಮಗಳು ಕವಿತಾ ಒಂದು ತೊಟ್ಟೂ ಕಳೆ ಔಷಧಿ ಹೊಡೆಯದೆ ಬೆಳೆದ ಭತ್ತ ಇವತ್ತು ಬೆಳಿಗ್ಗೆ ಅಕ್ಕಿಯಾಗಿ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬಂತು. ವಾರವೆಲ್ಲ ಮಾಚೇನಹಳ್ಳಿಯ ಕಾರ್ಖಾನೆಯ ಆಫೀಸಿನಲ್ಲಿ ಕೂರುವ ಹುಡುಗಿ, ಭಾನುವಾರ ಮಾತ್ರ ಗದ್ದೆಗೆ ಇಳಿದು ಬೆಳೆದಳು. ಚೀಲಕ್ಕೆ ಕೈಹಾಕಿ ಅಕ್ಕಿ ಮೂಸಿದೆ. ನನಗೆ ಎಂಟು ವರ್ಷ ತುಂಬಿದ ಆ ಮಳೆಗಾಲವೇ ಮೂಗಿಗೆ ಬಂದ ಹಾಗಾಯಿತು.

ಆಗೆಲ್ಲ ಭದ್ರಾವತಿ ಹತ್ತಿರದ ನಮ್ಮೂರಲ್ಲಿ ಕಳೆ ತೆಗೆಯುವುದೆಂದರೆ ಹೆಂಗಸರ ಕೈಕೆಲಸ. ಹತ್ತು ಹನ್ನೆರಡು ಜನ ಸಾಲಾಗಿ ಬಗ್ಗಿ, ಊರಿನ ಸುದ್ದಿಯನ್ನೆಲ್ಲ ಆಡಿಕೊಳ್ಳುತ್ತ ಕೀಳುತ್ತಿದ್ದರು. ಮಧ್ಯಾಹ್ನ ಬದುವಿನ ಮೇಲೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಆ ವರ್ಷವೇ ನನ್ನನ್ನು ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಶಾಲೆ ಹೋದರೆ ಹೋಗಲಿ, ಆ ಸಾಲಿನಲ್ಲಿ ನನಗೂ ಒಂದು ಜಾಗ ಸಿಗಲಿ ಎಂಬುದೊಂದೇ ಆಸೆ. ಕಾಡಿ ಬೇಡಿ ಅವ್ವನನ್ನು ಒಪ್ಪಿಸಿದೆ.

ನನ್ನ ಕೈ ಚುರುಕು. ಪಕ್ಕದ ಮನೆಯ ಗೌರಕ್ಕನನ್ನೂ ಹಿಂದೆ ಹಾಕಿ ಮುಂದೆ ಹೋದೆ, ಬೀಗಿದ್ದೇ ಬೀಗಿದ್ದು. ಸ್ವಲ್ಪ ಹೊತ್ತಿಗೆ ಗೌರಕ್ಕ ನಾನು ಕಿತ್ತು ಹಾಕಿದ ರಾಶಿಯನ್ನು ಕೆದಕಿ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮಾರಾಯ್ತಿ, ಹುಲ್ಲು ಬಿಟ್ಟು ಅನ್ನ ಕಿತ್ತಿದ್ದೀಯಲ್ಲೇ!"

ಭತ್ತದ ಗದ್ದೆಯಲ್ಲಿ ಭತ್ತದ ಹಾಗೇ ಬೆಳೆಯುವ ಒಂದು ಹುಲ್ಲಿದೆ. ತೆನೆ ಬರುವವರೆಗೆ ಗುರುತು ಸಿಗುವುದಿಲ್ಲ. ಸೊಂಪಾಗಿದ್ದ ಆ ಹುಲ್ಲನ್ನು ನಾನು ಪೈರು ಎಂದುಕೊಂಡು ಜೋಪಾನವಾಗಿ ಉಳಿಸಿದ್ದೆ. ಹೆಂಗಸರು ನಕ್ಕರು. ಅವ್ವ ನಗಲಿಲ್ಲ. ನಾಳೆಯಿಂದ ದನ ಮೇಯಿಸಲು ಹೋಗು, ಗದ್ದೆಗೆ ಕಾಲಿಡಬೇಡ ಎಂದಳು. ನಾನು ಬದುವಿನ ಮೇಲೆ ಕೂತು ಅತ್ತೆ. ರೊಟ್ಟಿ ಕೊಟ್ಟರೂ ಮುಟ್ಟಲಿಲ್ಲ.

ನೀರು ಕಟ್ಟಲು ಬಂದ ಅಪ್ಪ ಪಕ್ಕದಲ್ಲಿ ಕೂತು, ರಾಶಿಯಿಂದ ಎರಡು ಗಿಡ ಆರಿಸಿದ. ನನ್ನ ಹೆಬ್ಬೆರಳು ಹಿಡಿದು ಎಲೆ ಕಾಂಡಕ್ಕೆ ಸೇರುವ ಕಡೆ ಒತ್ತಿದ.

"ಇಲ್ಲಿ ಭತ್ತಕ್ಕೆ ಪುಟ್ಟ ನಾಲಿಗೆ ಇರುತ್ತೆ ನೋಡವ್ವಾ. ಹುಲ್ಲಿಗೆ ಇರಲ್ಲ, ಅದು ಮೂಗಿ."

ಅಷ್ಟೇ. ಬೈಯಲಿಲ್ಲ. ಆದರೆ ಮರುವರ್ಷ ಬಿತ್ತನೆಗೆ ಮುಂಚೆ ನನ್ನ ಸೋದರತ್ತೆಯ ಊರಿಗೆ ನಡೆದುಹೋಗಿ ಒಂದು ಗಂಟು ಬೀಜ ಹೊತ್ತು ತಂದ. ಎಲೆಯೇ ನೇರಳೆಗಪ್ಪು ಇರುವ ಭತ್ತ. ಇಳುವರಿ ಕಡಿಮೆ, ಇದ್ಯಾಕೆ ಎಂದು ಅವ್ವ ಗೊಣಗಿದಳು. "ಮಗು ಕಣ್ಣಿಗೆ ಕಾಣೋ ಭತ್ತ ಹಾಕಣ ಕಣೇ," ಎಂದ ಅಪ್ಪ. ಪೈರು ಎದ್ದಾಗ ಗದ್ದೆಗೆ ಕಪ್ಪು ಸೀರೆ ಹಾಸಿದಂತಿತ್ತು. ಹಸಿರಾಗಿ ಕಂಡದ್ದೆಲ್ಲ ಕಳೆ. ಅವ್ವ ಕರೆದು ಸಾಲಿನಲ್ಲಿ ನಿಲ್ಲಿಸಿದಳು. ಅವತ್ತು ಒಂದು ಪೈರೂ ತಪ್ಪಿ ಕೀಳಲಿಲ್ಲ ನಾನು. ಗೌರಕ್ಕ, "ನೀನೇ ಮುಂದೆ ಹೋಗೇ ತಾಯಿ, ನಿನ್ ಹಿಂದೆ ನಾನು ಬರ್ತೀನಿ," ಎಂದಳು.

ಆಮೇಲೆ ಹೆಚ್ಚು ಇಳುವರಿಯ ಬೀಜ ಬಂತು, ಹುಲ್ಲು ಸುಡುವ ಔಷಧಿ ಬಂತು. ಕಪ್ಪೆಲೆಯ ಭತ್ತ ಯಾವ ವರ್ಷ ಮನೆ ಬಿಟ್ಟು ಹೋಯಿತೋ ಯಾರೂ ಗಮನಿಸಲಿಲ್ಲ. ನನಗಾಗಿ ತಂದ ಬೀಜ ಅದು, ನಾನಾದರೂ ಒಂದು ಹಿಡಿ ಎತ್ತಿಡಬೇಕಿತ್ತು. ಈ ಕಥೆ ಕೇಳಿದ ಕವಿತಾ ಆ ಬೀಜ ಎಲ್ಲಿ ಅಜ್ಜಿ ಎಂದು ಕೇಳಿದಳು. ಅವಳೇ ಯಾವುದೋ ಊರಿನ ರೈತರೊಬ್ಬರ ಮನೆಯಲ್ಲಿ ಹುಡುಕಿ ತಂದಳು.

ಬೀಜವೇನೋ ಸಿಕ್ಕಿತು. ಕಳೆ ಕೀಳಲು ಈ ಸಲ ನಾವು ಮೂರೇ ಜನ, ನಡುವೆ ಹರಟೆಯೂ ಇರಲಿಲ್ಲ. ಗೌರಕ್ಕ ಇಲ್ಲ, ಅವ್ವ ಇಲ್ಲ. ಅಪ್ಪನದು ಒಂದು ಫೋಟೋ ಕೂಡ ಇಲ್ಲ, ಮುಖ ನನಗೇ ಮಸುಕಾಗುತ್ತಿದೆ.

ಸಂಜೆ ಹೊಸ ಅಕ್ಕಿಯ ಅನ್ನಕ್ಕೆ ಏನು ಮಾಡಲಿ ಎಂದು ಸೊಸೆ ಕೇಳಿದಳು. ಅಪ್ಪನಿಗೆ ಹುರುಳಿಕಟ್ಟಿನ ಸಾರೆಂದರೆ ಪ್ರಾಣ ಎಂದೆ. ಅದನ್ನೇ ಮಾಡಿದಳು. ಮಗ, ಸೊಸೆ, ಕವಿತಾ, ನಾನು, ಎಲ್ಲರೂ ಒಟ್ಟಿಗೆ ಕೂತು ಬಿಸಿಬಿಸಿಯಾಗಿ ಉಂಡೆವು.