ಪ್ರಪಾತದ ಬಾಗಿಲಿನ ತಗೊಮಸ್

ನಮ್ಮ ಗಡಿಗೋಡೆಯ ಬಂಡೆಬಾಗಿಲು ಕಾಯುವ ತಗೊಮಸ್‌ನಷ್ಟು ನಿಷ್ಠಾವಂತ ಸಿಪಾಯಿ ಇಡೀ ಬ್ರಿಟನ್ನಿನಲ್ಲಿ ಇಲ್ಲ. ಅವನ ಬಾಗಿಲಿನಷ್ಟು ಉಪಯೋಗಕ್ಕೆ ಬಾರದ ಬಾಗಿಲೂ ಇಲ್ಲ. ಮೈಲಿಗೊಂದು ಬಾಗಿಲಿರಲಿ ಎಂದು ಚಕ್ರವರ್ತಿಗಳು ಅಪ್ಪಣೆ ಮಾಡಿದ್ದರು. ಅಳೆಯುತ್ತ ಬಂದ ಹಗ್ಗ ಈ ಬಂಡೆಯ ನೆತ್ತಿಯಲ್ಲಿ ಮುಗಿಯಿತು, ಬಾಗಿಲೂ ಅಲ್ಲೇ ಎದ್ದಿತು. ಹೊಸ್ತಿಲು ದಾಟಿದರೆ ನೂರಡಿ ಕೆಳಗೆ ಕೆರೆ. ಶತ್ರು ಇಲ್ಲಿಗೆ ಬರಬೇಕಾದರೆ ಹದ್ದಾಗಿ ಹುಟ್ಟಬೇಕು. ಆದರೂ ತಗೊಮಸ್ ದಿನಾ ಬೆಳಗ್ಗೆ ಶಿರಸ್ತ್ರಾಣ ಉಜ್ಜಿ, ತಿರುಗಣಿಗೆ ಹಂದಿಕೊಬ್ಬು ಸವರಿ, ಎರಡೂ ಕದ ತೆರೆದು, "ಯಾರಲ್ಲಿ? ಸಂಕೇತ ಹೇಳು!" ಎಂದು ಗಾಳಿಯನ್ನು ಗದರಿಸುತ್ತಾನೆ. ಒಮ್ಮೆ ಕಾಡುಮೇಕೆಯೊಂದು ಹೇಗೋ ಹತ್ತಿಬಂದಿತ್ತು. ಸಂಕೇತ ಹೇಳಲಿಲ್ಲವೆಂದು ಒಳಗೆ ಬಿಡಲಿಲ್ಲ. "ಏನಣ್ಣಾ, ಇವತ್ತೆಷ್ಟು ಜನ ಹಾರ್ಕೊಂಡ್ ಬಂದ್ರು?" ಎಂದು ನಾವು ಕಿಚಾಯಿಸಿದರೆ, "ನಗ್ರಲೇ, ನಗ್ರಿ. ಅಪ್ಪಣೆ ಅಂದ್ರೆ ಅಪ್ಪಣೆ" ಎನ್ನುತ್ತಾನೆ. ಹೋದ ವಾರ ತಪಾಸಣೆಗೆ ಬಂದ ಅಧಿಕಾರಿ ಕೆಳಗೆ ಇಣುಕಿ, ತಲೆ ಸುತ್ತಿ, "ಥೂ, ಕಲ್ಲು ಕಟ್ಟಿ ಮುಚ್ಚಿಬಿಡ್ರೋ ಇದನ್ನ" ಎಂದ. ಅಪ್ಪಣೆಯೆಂದರೆ ಪ್ರಾಣ ಬಿಡುವ ತಗೊಮಸ್ ಮೊದಲ ಸಲ ಅಪ್ಪಣೆಗೆ ಅಡ್ಡ ನಿಂತ: "ಬೇಡಿ ಸ್ವಾಮಿ, ಆಚೆಯೋರ ಮೇಲೆ ನಾನು ಕಣ್ಣಿಟ್ಟಿರೋದೇ ಇಲ್ಲಿಂದ." ಎಂಥಾ ಕರ್ತವ್ಯಪ್ರಜ್ಞೆ ಎಂದು ಅಧಿಕಾರಿ ಬೆನ್ನು ತಟ್ಟಿ ಹೋದ. ಕೆರೆಯಾಚೆ ಇರುವುದು ಒಂದೇ ಗುಡಿಸಲು. ಗೋಡೆ ಏಳುವುದಕ್ಕೆ ಹಿಂದಿನ ವರ್ಷ ತಗೊಮಸ್ ತನ್ನ ಮಗಳನ್ನು ಕೊಟ್ಟದ್ದು ಆ ಮನೆಗೆ. ಗೋಡೆ ಎದ್ದ ದಿನದಿಂದ ಅವಳೂ ಶತ್ರು. ಆ ಶತ್ರುವಿನ ಒಲೆಯ ಹೊಗೆ ಕಾಣುವವರೆಗೆ ಅವನು ಕದ ಹಾಕುವುದಿಲ್ಲ.